ಉಡುಪು ಬದಲಿಸಿಕೊಂಡ ರಾಧಾಕೃಷ್ಣರು

ಕಿರೀಟ ಧರಿಸಿ ಪೀತಾಂಬರ ಉಟ್ಟಿರುವುದು ಕೃಷ್ಣನಲ್ಲ, ರಾಧೆ. ಲಂಗ ತೊಟ್ಟು ಮುಸುಕು ಹೊದ್ದಿರುವುದು ರಾಧೆಯಲ್ಲ, ಕೃಷ್ಣ. 1800-1825ರ ಸುಮಾರಿನಲ್ಲಿ ಹಿಮಾಚಲದ ಕಾಂಗ್ಡಾದಲ್ಲಿ ರಚಿತವಾದ ಈ ಚಿಕಣಿ ಚಿತ್ರ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದಲ್ಲಿದೆ. ಮೊದಲ ನೋಟಕ್ಕೆ ಕಣ್ಣು ಮೋಸಹೋಗುತ್ತದೆ. ಗುಟ್ಟು ಬಿಟ್ಟುಕೊಡುವುದು ಮೈಬಣ್ಣ: ಹೆಣ್ಣುಡುಗೆಯೊಳಗಿನ ಮೈ ನೀಲಿ.

ಈ ಆಟಕ್ಕೆ ಶಾಸ್ತ್ರದಲ್ಲಿ ಹೆಸರುಂಟು. 'ಲೀಲೆ' ಎಂದರೆ ನಮಗೆ ದೇವರ ಆಟ. ರಸಶಾಸ್ತ್ರದಲ್ಲಿ ಅದಕ್ಕೆ ಇನ್ನೊಂದು ಖಚಿತವಾದ ಅರ್ಥವಿದೆ. ಪ್ರಿಯನ ಮಾತು, ಉಡುಪು, ಹಾವಭಾವಗಳನ್ನು ಪ್ರೀತಿಯಿಂದ ಅನುಕರಿಸುವುದೇ ಲೀಲೆ. ಭರತನ ನಾಟ್ಯಶಾಸ್ತ್ರ ಇದನ್ನು ಹೆಣ್ಣಿಗೆ ಸಹಜವಾದ ಹತ್ತು ಅಲಂಕಾರಗಳಲ್ಲಿ ಒಂದೆಂದು ಎಣಿಸುತ್ತದೆ. ಓರ್ಛಾದ ಕವಿ ಕೇಶವದಾಸ 1591ರಲ್ಲಿ ಬ್ರಜಭಾಷೆಯಲ್ಲಿ ರಚಿಸಿದ 'ರಸಿಕಪ್ರಿಯಾ'ದಲ್ಲಾದರೋ ಲೀಲೆ ನಾಯಕ ನಾಯಿಕೆಯರಿಬ್ಬರಿಗೂ ಸಲ್ಲುತ್ತದೆ. ಪಹಾಡಿ ಚಿತ್ರಕಾರರು ಈ ಗ್ರಂಥವನ್ನು ಚಿತ್ರಗಳಲ್ಲಿ ಮೂಡಿಸಿದವರು.

ಭಾಗವತದ ದಶಮಸ್ಕಂಧದಲ್ಲಿ ಕೃಷ್ಣ ಕಣ್ಮರೆಯಾದಾಗ ಗೋಪಿಯರು ಅವನಂತೆಯೇ ನಟಿಸುತ್ತ, ತಾವೇ ಕೃಷ್ಣ ಎನ್ನುತ್ತಾರೆ. ಅದು ವಿರಹದ ಅನುಕರಣೆ. ಈ ಚಿತ್ರದಲ್ಲಿ ಇಬ್ಬರೂ ಜೊತೆಗೇ ಇದ್ದಾರೆ. ಆದರೂ ಸಾಲದು. ಪ್ರೀತಿಸುವುದಷ್ಟೇ ಅಲ್ಲ, ಪ್ರೀತಿಸಿದವರೇ ಆಗಿ ನೋಡಬೇಕೆಂಬ ಹಂಬಲ ಇಬ್ಬರದೂ.

ಬಾದಾಮಿಯ ಮೊದಲನೆಯ ಗುಹೆಯ ಅರ್ಧನಾರೀಶ್ವರನೊಡನೆ ಹೋಲಿಸಿದರೆ ಇದರ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಅಲ್ಲಿ ಒಂದೇ ಮೈ, ಗಂಡು ಹೆಣ್ಣು ಎರಡು ಪಾಲು. ಪಾಲಿನ ಗೆರೆ ಅಳಿಯುವುದಿಲ್ಲ. ಇಲ್ಲಿ ಮೈ ಎರಡು. ಗೆರೆಯನ್ನು ಇಬ್ಬರೂ ದಾಟಿದ್ದಾರೆ.

ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2014ರಲ್ಲಿ. ಕಾಂಗ್ಡಾದ ಚಿತ್ರಕಾರನ ಮನಸ್ಸಿನಲ್ಲಿ ಅಂಥ ಹಕ್ಕಿನ ಕಲ್ಪನೆಯಿತ್ತೆಂದು ಹೇಳುವುದು ಅತಿಯಾದೀತು. ಅವನು ಬರೆದದ್ದು ಶೃಂಗಾರ, ಭಕ್ತಿಗಳ ಚಿತ್ರ. ಲೀಲೆ ಮುಗಿದರೆ ಅವರವರ ಉಡುಪು ಅವರವರಿಗೆ. ತಾವು ಹೆಣ್ಣೆಂದು ಒಳಗಿನಿಂದ ಬಲ್ಲವರಿಗೆ ಸೀರೆ ಆಟದ ವೇಷವಲ್ಲ, ಬದುಕು. ಅಂಥವರನ್ನು ಬೀದಿಯಲ್ಲಿ ಕಂಡು ನಗುವವರೂ ದೇವರ ಈ ಚಿತ್ರದ ಮುಂದೆ ಕೈಮುಗಿಯುತ್ತಾರೆ. ದೇವರ ಮೈಮೇಲೆ ಒಪ್ಪಿದ ಉಡುಪು ಮನುಷ್ಯರ ಮೈಮೇಲೆ ಏಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆಗೆ ಅವರು ಉತ್ತರ ಹುಡುಕಬೇಕಾಗಿದೆ.