ನಿಮಗಿದು ಗೊತ್ತೆ? ನೆರೆಯಲ್ಲಿ ನೆಂದ ಜಮಖಾನೆಗೆ 48 ಗಂಟೆ ಗಡುವು

ನೆರೆ ಇಳಿದ ಮೇಲೆ ಮೊದಲು ಮಂಚ, ಬೀರು ನೋಡುತ್ತೇವೆ. ಕಾಲಡಿಯ ಕಾರ್ಪೆಟ್ ನೆನಪಾಗುವುದು ಅದು ಮುಗ್ಗಲು ವಾಸನೆ ಹೊಡೆದಾಗಲೇ. ಒದ್ದೆ ಹಾಸಿನಲ್ಲಿ 24ರಿಂದ 48 ಗಂಟೆಯೊಳಗೆ ಬೂಷ್ಟು ಬೆಳೆಯತೊಡಗುತ್ತದೆ.

ಉಣ್ಣೆಯದ್ದಾದರೆ ಇನ್ನೂ ಮೋಸ. ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಹಾಗಾಗಿ ಒಣಗಿತೆಂದುಕೊಂಡ ಮೇಲೂ ಒಂದೆರಡು ದಿನ ಫ್ಯಾನ್ ಕೆಳಗಿಡಿ. ಬ್ಲೀಚ್ ಮಾತ್ರ ಸುರಿಯಬೇಡಿ. ಅದು ಉಣ್ಣೆಯ ಎಳೆಯನ್ನೇ ಕರಗಿಸುತ್ತದೆ.

ಹತ್ತಿ ಜಮಖಾನೆ, ನವಲಗುಂದದ್ದಿರಲಿ ಸಂತೆಯದ್ದಿರಲಿ, ಗಟ್ಟಿ ಜೀವ. ಆದರೆ ಕೆಸರಿದ್ದಾಗಲೇ ಬ್ರಷ್ ಹಾಕಿ ತಿಕ್ಕಿದರೆ ಮಣ್ಣು ನೇಯ್ಗೆಯೊಳಗೆ ಇಳಿಯುತ್ತದೆ. ಮೊದಲು ಬರೀ ನೀರು, ಕೆಸರು ಹೋಗಿ ತಿಳಿಯಾಗುವವರೆಗೆ. ಆಮೇಲೆ ಸೋಪಿನ ಪುಡಿ. ಹಸಿಯಾಗಿದ್ದಾಗ ಮಡಚಿಟ್ಟಿರೋ, ಕೆಂಪು ಪಟ್ಟೆ ಬಿಳಿಗೆ ಹತ್ತಿತು. ಎರಡು ಬೆಂಚುಗಳ ಮೇಲೆ ಹರಡಿ, ಅಡಿಗೂ ಗಾಳಿಯಾಡಲಿ.

ಚರಂಡಿ ನೀರು ಹೊಕ್ಕ ಕಾರ್ಪೆಟ್, ಅದರಡಿಯ ಸ್ಪಂಜಿನ ಹಾಸು ಎಷ್ಟೇ ಬೆಲೆಯದ್ದಾಗಲಿ, ಎಸೆಯಿರಿ. ತೊಳೆಯುವಾಗ ಗಮ್‌ಬೂಟು, ಕೈಗವಸು ಹಾಕಿಕೊಳ್ಳಿ: ನೆರೆನೀರಿನಲ್ಲಿರುವ ಇಲಿಜ್ವರದ ರೋಗಾಣುವಿಗೆ ಕಾಲಿನ ಸಣ್ಣ ಗಾಯವೂ ಸಾಕು.