ಭಯದ ನಾಲ್ಕು ಬಾಗಿಲುಗಳು

ಸಂಜೆ ಮಗ ಮನೆಗೆ ಬರುವ ಹೊತ್ತು ಅರ್ಧ ಗಂಟೆ ಮೀರಿದೆ. ಫೋನ್ ಎತ್ತುತ್ತಿಲ್ಲ. ತಾಯಿಯ ಎದೆ ಡವಡವಗುಟ್ಟುತ್ತದೆ, ಅಂಗೈ ಬೆವರುತ್ತದೆ. ಅಪಘಾತವೋ ಆಸ್ಪತ್ರೆಯೋ ಎಂದು ಮನಸ್ಸು ಚಿತ್ರ ಬಿಡಿಸತೊಡಗುತ್ತದೆ. ಮಗ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟೊಡನೆ ಆ ಚಿತ್ರ ಅಳಿಸಿಹೋದರೆ ಅದು ಸಹಜವಾದ ಕಳವಳ. ಮಗ ಕಣ್ಣೆದುರಿಗೇ ಉಣ್ಣುತ್ತಿರುವಾಗಲೂ ‘ನಾಳೆ ಏನಾದೀತೋ’ ಎಂಬ ನಡುಕ ನಿಲ್ಲದಿದ್ದರೆ, ಅದೇ ನಡುಕ ತಿಂಗಳುಗಟ್ಟಲೆ ನಿದ್ರೆಯನ್ನೂ ನೆಮ್ಮದಿಯನ್ನೂ ಕೆಡಿಸಿದರೆ, ವೈದ್ಯಶಾಸ್ತ್ರವು ಅದನ್ನು ಆತಂಕದ ಕಾಯಿಲೆ ಎಂದು ಗುರುತಿಸುತ್ತದೆ.

ಅಪಾಯ ಕಂಡಾಗ ಓಡಲು ಅಥವಾ ಎದುರಿಸಲು ದೇಹವನ್ನು ಅಣಿಗೊಳಿಸುವುದು ಭಯದ ಕೆಲಸ. ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರುತ್ತದೆ. ಎದೆಬಡಿತ, ಉಸಿರಾಟಗಳು ವೇಗಗೊಳ್ಳುತ್ತವೆ. ಕಾಡಿನಲ್ಲಿ ಹುಲಿ ಎದುರಾದವನಿಗೆ ಇದು ಉಪಕಾರ. ಆದರೆ ಮನಸ್ಸು ಕಲ್ಪಿಸಿಕೊಂಡ ಹುಲಿಗೂ ದೇಹವು ಹೀಗೆಯೇ ಸ್ಪಂದಿಸುತ್ತದೆ. ಆತಂಕದಿಂದ ಬಳಲುವವರ ಸಂಕಟ ಸುಳ್ಳಲ್ಲ. ಅದಕ್ಕೆ ಕಾರಣವಾದ ಹುಲಿ ಮಾತ್ರ ಎದುರಿಗಿಲ್ಲ.

ಜೈನಾಗಮವು ಭಯವನ್ನು ಹೇಡಿತನವೆಂದು ತಳ್ಳಿಹಾಕುವುದಿಲ್ಲ. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವಿಗಳೆಲ್ಲಕ್ಕೂ ಅಂಟಿಬಂದವು. ಚಾರಿತ್ರಮೋಹನೀಯ ಕರ್ಮದ ಒಂಬತ್ತು ನೋಕಷಾಯಗಳಲ್ಲಿ ಭಯವೂ ಒಂದು. ಅದರ ಉದಯವು ಎಂಟನೆಯ ಗುಣಸ್ಥಾನದವರೆಗೂ ಇರುತ್ತದೆಂದು ಕರ್ಮಸಿದ್ಧಾಂತ ಹೇಳುತ್ತದೆ. ಮಹಾವ್ರತಿಗಳಾದ ಮುನಿಗಳಲ್ಲಿಯೂ ಸೂಕ್ಷ್ಮವಾಗಿ ಉಳಿದಿರುವ ಭಯವು ತನ್ನಲ್ಲಿದೆಯೆಂದು ಸಾಮಾನ್ಯ ಗೃಹಸ್ಥನು ನಾಚಬೇಕಾಗಿಲ್ಲ. ಸಮ್ಯಗ್ದೃಷ್ಟಿಯು ಸಪ್ತಭಯಗಳಿಂದ ಮುಕ್ತನೆಂಬ ಮಾತು ಅವನ ಶ್ರದ್ಧೆಗೆ ಸಂಬಂಧಿಸಿದ್ದು. ಮೈ ನಡುಗಿದರೂ ‘ಆತ್ಮಕ್ಕೆ ಹಾನಿಯಿಲ್ಲ’ ಎಂಬ ಅವನ ನಂಬಿಕೆ ನಡುಗುವುದಿಲ್ಲ.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಭಯಸಂಜ್ಞೆ ಹುಟ್ಟಲು ನಾಲ್ಕು ಕಾರಣಗಳನ್ನು ಹೇಳಿದ್ದಾರೆ: ಭಯಂಕರವಾದುದನ್ನು ಕಾಣುವುದು, ಅದರಲ್ಲಿಯೇ ಉಪಯೋಗವನ್ನು ನೆಡುವುದು, ಶಕ್ತಿಹೀನತೆ, ಭಯಕರ್ಮದ ಉದೀರಣೆ. ಭಯವು ಒಳಗೆ ಬರುವ ಈ ನಾಲ್ಕು ಬಾಗಿಲುಗಳಲ್ಲಿ ಮೊದಲ ಮೂರರ ಅಗುಳಿ ಬಹುಮಟ್ಟಿಗೆ ಮನುಷ್ಯನ ಕೈಯಲ್ಲಿಯೇ ಇದೆ.

ಮೊದಲನೆಯದು ನೋಟದ ಬಾಗಿಲು. ಮಲಗುವ ತನಕ ಮೊಬೈಲಿನಲ್ಲಿ ಅಪಘಾತ, ಕೊಲೆ, ರೋಗಗಳ ಸುದ್ದಿಯನ್ನೇ ನೋಡುವವರ ಕಣ್ಣು ಮುಚ್ಚಿದರೂ ಮನಸ್ಸು ಮುಚ್ಚುವುದಿಲ್ಲ. ದಿಗ್ವ್ರತ, ದೇಶವ್ರತಗಳು ಓಡಾಟಕ್ಕೆ ಎಲ್ಲೆ ಹಾಕುವಂತೆ, ಸುದ್ದಿ ನೋಡುವುದಕ್ಕೂ ದಿನದಲ್ಲಿ ಇಷ್ಟೇ ಹೊತ್ತು ಎಂದು ನಿಯಮ ತೆಗೆದುಕೊಳ್ಳಬಹುದು.

ಎರಡನೆಯದು ಚಿಂತನೆಯ ಬಾಗಿಲು. ಪ್ರಿಯವಾದುದು ದೂರವಾದಾಗ, ಅಪ್ರಿಯವಾದುದು ಬಂದೊದಗಿದಾಗ, ವೇದನೆಯಾದಾಗ ಮನಸ್ಸು ಅದರ ಸುತ್ತಲೇ ಸುತ್ತುವುದನ್ನು ಶಾಸ್ತ್ರವು ಆರ್ತಧ್ಯಾನ ಎನ್ನುತ್ತದೆ. ಇದೂ ಧ್ಯಾನವೇ! ಏಕಾಗ್ರತೆ ಇದೆ, ಆದರೆ ಗುರಿ ತಪ್ಪಿದೆ. ಬಲವಂತದಿಂದ ಯೋಚನೆಯನ್ನು ಅದುಮಿದರೆ ಅದು ಇನ್ನಷ್ಟು ಪುಟಿಯುತ್ತದೆ. ‘ಇದು ಯಾವ ಭಯ?’ ಎಂದು ಕೇಳಿಕೊಳ್ಳುವುದು ಒಳ್ಳೆಯ ಉಪಾಯ. ಇಹಲೋಕ, ಪರಲೋಕ, ಅತ್ರಾಣ, ಅಗುಪ್ತಿ, ಮರಣ, ವೇದನೆ, ಆಕಸ್ಮಿಕ ಎಂಬ ಸಪ್ತಭಯಗಳಲ್ಲಿ ತನ್ನದು ಯಾವುದೆಂದು ಕಾಗದದ ಮೇಲೆ ಬರೆದಾಗ, ಹೆಸರಿಲ್ಲದ ಕತ್ತಲೆಗೆ ಒಂದು ಆಕಾರ ಬರುತ್ತದೆ. ಆಗ ‘ಇದು ನಡೆದಿದೆಯೇ, ಕೇವಲ ನಡೆಯಬಹುದೆಂಬ ಊಹೆಯೇ’ ಎಂದು ವಿವೇಚಿಸುವುದು ಸುಲಭ.

ಇದೇ ಬಾಗಿಲಿಗೆ ಸೇರಿದ ಇನ್ನೊಂದು ತಪ್ಪು ತಪ್ಪಿಸಿಕೊಳ್ಳುವುದು. ಬಸ್ಸಿನಲ್ಲಿ ಒಮ್ಮೆ ಗಾಬರಿಗೊಂಡವರು ಬಸ್ಸನ್ನೇ ಬಿಡುತ್ತಾರೆ, ಬಳಿಕ ಸಂತೆಯನ್ನು, ಕೊನೆಗೆ ಬಸದಿಯನ್ನೂ ಬಿಡುತ್ತಾರೆ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಮನೋವೈದ್ಯರ ಮಾತಿನ ಚಿಕಿತ್ಸೆಯಲ್ಲಿ ಭಯದ ಸನ್ನಿವೇಶವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಲು ಕಲಿಸುತ್ತಾರೆ. ಇಂದು ನಿಲ್ದಾಣದವರೆಗೆ, ನಾಳೆ ಒಂದು ನಿಲ್ದಾಣದ ದೂರ. ಶ್ರಾವಕನ ಹನ್ನೊಂದು ಪ್ರತಿಮೆಗಳೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಏರತಕ್ಕವು.

ಮೂರನೆಯದು ಶಕ್ತಿಹೀನತೆಯ ಬಾಗಿಲು. ನಿದ್ರೆಗೆಟ್ಟ ದೇಹ, ಹದ ತಪ್ಪಿದ ಊಟ, ಮೇಲಿಂದ ಮೇಲೆ ಕಾಫಿ ಇವೆಲ್ಲ ಆತಂಕಕ್ಕೆ ಸೌದೆಯಾಗುತ್ತವೆ. ದಿನವೂ ಅರ್ಧ ಗಂಟೆಯ ನಡಿಗೆ, ಹೊತ್ತಿಗೆ ಸರಿಯಾದ ನಿದ್ರೆ, ಸೂರ್ಯಾಸ್ತಕ್ಕೆ ಮುನ್ನ ಹಿತಮಿತವಾದ ಊಟ ದೇಹಕ್ಕೆ ಬಲ ಕೊಡುತ್ತವೆ. ಆತಂಕದಿಂದ ಕುಗ್ಗಿದವರು ಕಠಿಣ ಉಪವಾಸಕ್ಕೆ ಇಳಿಯಬಾರದು. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂದೇ ಹೇಳಿದೆ. ತಪಸ್ಸು ಶಕ್ತಿಯನ್ನು ಅನುಸರಿಸಿರಬೇಕು.

ಗಾಬರಿ ಏರಿದ ಗಳಿಗೆಯಲ್ಲಿ ಕೈಗೆಟಕುವ ಸಾಧನ ಕಾಯೋತ್ಸರ್ಗ. ಒಂದು ಣಮೋಕಾರಕ್ಕೆ ಮೂರು ಉಸಿರು. ಒಂಬತ್ತು ಜಪಕ್ಕೆ 27 ಉಸಿರು. ಅರಿಹಂತ-ಸಿದ್ಧರಿಗೆ ಒಂದು, ಆಚಾರ್ಯ-ಉಪಾಧ್ಯಾಯರಿಗೆ ಒಂದು, ಸರ್ವಸಾಧುಗಳಿಗೆ ಒಂದು. ಉಸಿರನ್ನು ಬಿಗಿಹಿಡಿಯದೆ, ಹೊರಬಿಡುವುದನ್ನು ನಿಧಾನಗೊಳಿಸಿದರೆ ಎದೆಬಡಿತ ಇಳಿಯತೊಡಗುತ್ತದೆ. ‘ಭಯ ಹೋಗಲಿ’ ಎಂದು ಹಟ ಹಿಡಿಯದೆ ‘ಭಯ ಬಂದಿದೆ, ತಿಳಿಯುತ್ತಿರುವವನು ಬೇರೆ’ ಎಂದು ನೋಡುತ್ತಿರುವುದೇ ಅನ್ಯತ್ವ ಅನುಪ್ರೇಕ್ಷೆ. ತೀವ್ರ ಗಾಬರಿಯು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಅನಿತ್ಯ ಭಾವನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಶ್ರವಣಬೆಳಗೊಳದ ಬಾಹುಬಲಿಯ ಮೈಗೆ ಬಳ್ಳಿ ಹಬ್ಬಿದೆ, ಕಾಲ ಬಳಿ ಹುತ್ತದಿಂದ ಹಾವು ಹೊರಬಂದಿದೆ. ಅವನು ಅವನ್ನು ಅಟ್ಟುವುದೂ ಇಲ್ಲ, ಅವಕ್ಕೆ ಹೆದರಿ ಓಡುವುದೂ ಇಲ್ಲ. ದಿನಕ್ಕೊಮ್ಮೆ 48 ನಿಮಿಷಗಳ ಸಾಮಾಯಿಕ ಕುಳಿತುಕೊಳ್ಳಲಾಗದವರು ಹತ್ತು ನಿಮಿಷದ ಅಭ್ಯಾಸದಿಂದ ಆರಂಭಿಸಬಹುದು.

ಈ ಸಾಧನೆಗಳಿಂದ ಸೌಮ್ಯವಾದ ಆತಂಕವು ಔಷಧವಿಲ್ಲದೆಯೇ ಹತೋಟಿಗೆ ಬರಬಹುದು. ಎಲ್ಲರಿಗೂ ಅಷ್ಟೇ ಸಾಕಾಗದು. ಎದೆಬಡಿತ, ನಡುಕಗಳು ಥೈರಾಯಿಡ್ ಅಥವಾ ಹೃದಯದ ತೊಂದರೆಯಿಂದಲೂ ಬರಬಹುದಾದ್ದರಿಂದ ಮೊದಲು ವೈದ್ಯರಲ್ಲಿ ಪರೀಕ್ಷೆ ಅವಶ್ಯ. ಮಾತ್ರೆ ಸೇವಿಸುತ್ತಿರುವವರು ಧರ್ಮಸಾಧನೆಯ ಹೆಸರಿನಲ್ಲಿ ಅದನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೆ ಸ್ಥಾನ ಕೊಟ್ಟ ಧರ್ಮವು ಅದನ್ನು ಸ್ವೀಕರಿಸುವವರನ್ನು ಕೀಳಾಗಿ ಕಾಣಲಾರದು. ಜೀವ ಬೇಡವೆನಿಸುವ ಯೋಚನೆ ಬಂದರಂತೂ ತಡಮಾಡಬಾರದು; ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನಾಲ್ಕನೆಯ ಬಾಗಿಲು ಕರ್ಮೋದಯದ್ದು. ಇದನ್ನು ತಿಳಿದ ಕೆಲವರು ನರಳುವವರಿಗೆ ‘ನಿನ್ನ ಕರ್ಮ, ಅನುಭವಿಸು’ ಎಂದುಬಿಡುತ್ತಾರೆ. ಕರ್ಮಸಿದ್ಧಾಂತವು ತನ್ನನ್ನು ತಾನು ತಿದ್ದಿಕೊಳ್ಳಲು ಇರುವುದೇ ಹೊರತು ಇನ್ನೊಬ್ಬರ ಗಾಯಕ್ಕೆ ಉಪ್ಪು ಸವರಲು ಅಲ್ಲ. ಆ ಮಾತು ವಚನದ ಹಿಂಸೆ. ಉದಯಕ್ಕೂ ನಿಮಿತ್ತ ಬೇಕು. ಮನೆಯವರ ಗದರಿಕೆ ಭಯಕ್ಕೆ ನಿಮಿತ್ತವಾಗುವಂತೆ ಅವರ ಸಮಾಧಾನದ ಮಾತು ಉಪಶಮನಕ್ಕೆ ನಿಮಿತ್ತವಾಗಬಲ್ಲದು.

ಪ್ರಾಣಿಯನ್ನು ಕಟುಕನಿಂದ ಬಿಡಿಸಿದರೆ ಮಾತ್ರ ಅಭಯದಾನವಲ್ಲ. ‘ಅಮ್ಮಾ, ಇವತ್ತು ಒಂದು ಗಂಟೆ ತಡವಾಗುತ್ತದೆ’ ಎಂದು ಹೊರಡುವಾಗಲೇ ಹೇಳಿಹೋಗುವ ಮಗನೂ, ನಡುಗುವವರ ಪಕ್ಕದಲ್ಲಿ ಸುಮ್ಮನೆ ಕುಳಿತು ಒಂಬತ್ತು ಣಮೋಕಾರ ಹೇಳುವ ಸೊಸೆಯೂ ಅಭಯದಾನಿಗಳೇ. ಆ ದಾನಕ್ಕೆ ಹಣ ಬೇಕಿಲ್ಲ, 27 ಉಸಿರಿನಷ್ಟು ಹೊತ್ತು ಸಾಕು.