ಪಾರವ್ವ ಎಂಬ ಹೆಸರಿನ ಹಿರಿಮೆ

ನಮ್ಮ ಹಿರಿಯರು ಮಕ್ಕಳಿಗೆ ದೇವರ ಹೆಸರನ್ನಿಡುತ್ತಿದ್ದರು. ಮಗಳನ್ನು ಊಟಕ್ಕೆ ಕರೆದಾಗಲೂ ನಾಮಸ್ಮರಣೆಯಾಗಲಿ ಎಂಬುದು ಅವರ ಆಶಯವಾಗಿತ್ತು. ಅಂಥ ಹೆಸರುಗಳಲ್ಲಿ ನಾಡಿನ ಊರೂರಿನಲ್ಲಿ ಕೇಳಿಬರುವ ಹೆಸರು ಪಾರ್ವತಿ. ಸದ್ಭಕ್ತರು ದಿನವೂ ಉಚ್ಚರಿಸುವ ಈ ಹೆಸರಿನ ಅರ್ಥವನ್ನು ಇಂದು ಚಿಂತಿಸೋಣ.

ಪರ್ವತನ ಮಗಳು ಪಾರ್ವತಿ. ಜನಕನ ಮಗಳು ಜಾನಕಿ, ದ್ರುಪದನ ಮಗಳು ದ್ರೌಪದಿ ಆದಂತೆಯೇ ಪರ್ವತರಾಜ ಹಿಮವಂತನ ಮಗಳಿಗೆ ಈ ಹೆಸರು ಬಂದಿತು. ಗಿರಿಜೆ, ಶೈಲಜೆ ಎಂಬ ಹೆಸರುಗಳಿಗೂ ಇದೇ ಅರ್ಥ. ಹಂಪೆಯ ಹರಿಹರ ಕವಿ ಆಕೆಯ ಕಥೆಯನ್ನೇ ಕನ್ನಡದಲ್ಲಿ ‘ಗಿರಿಜಾ ಕಲ್ಯಾಣ’ವೆಂಬ ಕಾವ್ಯವಾಗಿ ರಚಿಸಿದನು.

ಮಹಾಕವಿ ಕಾಳಿದಾಸನ ‘ಕುಮಾರಸಂಭವ’ದಲ್ಲಿ ದೇವಿಯ ಹೆಸರುಗಳ ವಿಚಾರ ಸೊಗಸಾಗಿ ಬಂದಿದೆ. ಬಂಧುಗಳು ಆಕೆಯನ್ನು ಕುಲದ ಹೆಸರಿನಿಂದ ಪಾರ್ವತಿ ಎಂದು ಕರೆದರು. ಮಗಳು ತಪಸ್ಸಿಗೆ ಹೊರಟಾಗ ತಾಯಿ ಮೇನಾದೇವಿ ‘ಉ, ಮಾ’, ಎಂದರೆ ‘ಮಗಳೇ, ಬೇಡ’ ಎಂದು ತಡೆದಳು. ಅದರಿಂದ ಉಮಾ ಎಂಬ ಹೆಸರಾಯಿತು. ಪರ್ಣವೆಂದರೆ ಎಲೆ. ಉದುರಿದ ಎಲೆಯನ್ನೂ ತಿನ್ನದೆ ತಪಸ್ಸು ಮಾಡಿದ್ದರಿಂದ ಆಕೆ ಅಪರ್ಣೆ ಎನಿಸಿದಳು. ಒಂದು ಹೆಸರು ತವರಿನದು, ಒಂದು ತಾಯಿಯ ಕಕ್ಕುಲಾತಿಯದು, ಮತ್ತೊಂದು ತಾನೇ ಗಳಿಸಿಕೊಂಡದ್ದು.

ಇನ್ನು ನಮ್ಮ ಹಳ್ಳಿಗಳಲ್ಲಿ ಪಾರ್ವತಿ ಎಂಬುದು ಪಾರವ್ವ, ಪಾರ್ವತೆವ್ವ, ಪಾರ್ವತಮ್ಮ ಆಗಿದೆ. ಇದು ಬರಿಯ ಆಡುಮಾತಿನ ಬದಲಾವಣೆಯಲ್ಲ. ಪಾರ್ವತಿ ಎಂಬುದು ಮಗಳ ಹೆಸರು. ಅದಕ್ಕೆ ಅವ್ವ ಎಂಬುದನ್ನು ಸೇರಿಸಿ ಕನ್ನಡಿಗರು ತಾಯಿಯ ಹೆಸರನ್ನಾಗಿ ಮಾಡಿಕೊಂಡರು. ತೊಟ್ಟಿಲ ಕೂಸನ್ನೂ ‘ಬಾ ನನ್ನವ್ವ’ ಎಂದು ಕರೆಯುವ ನಾಡಿದು. ಸಿಟ್ಟಿನಲ್ಲಿ ‘ಏ ಪಾರೀ’ ಎಂದು ಗದರುವವರು ಆ ಹೆಸರಿನಿಂದ ಅವ್ವನನ್ನು ಕಿತ್ತುಹಾಕಿದಂತಾಯಿತಲ್ಲವೆ?

ನಾವು ಗ್ರಾಮಗಳಿಗೆ ಹೋದಾಗ ತಾಯಂದಿರ ಹೆಸರು ಕೇಳಿದರೆ, ಅನೇಕರು ‘ಇಂಥವರ ಮನೆಯಾಕೆ’, ‘ಇಂಥವನ ತಾಯಿ’ ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಾರೆ. ತೊಟ್ಟಿಲಲ್ಲಿ ಹಾಕಿ, ಸೋದರತ್ತೆ ಕಿವಿಯಲ್ಲಿ ಉಸುರಿ, ಹಾಡು ಹಾಡಿ ಇಟ್ಟ ಹೆಸರು ಎಲ್ಲಿ ಹೋಯಿತು? ಕಾಗದಪತ್ರಗಳಲ್ಲೂ ಇದೇ ಪಾಡು. ರೇಷನ್ ಕಾರ್ಡಿನಲ್ಲಿ ಪಾರವ್ವ, ಆಧಾರ್ ಕಾರ್ಡಿನಲ್ಲಿ ಪಾರ್ವತಿ, ಪಾಸ್‌ಬುಕ್ಕಿನಲ್ಲಿ ಪಾರ್ವತೆವ್ವ ಎಂದಿದ್ದರೆ ವೃದ್ಧಾಪ್ಯ ವೇತನಕ್ಕಾಗಿ ಮುದುಕಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು. ಓದಿದ ಮಕ್ಕಳು ಅವ್ವನ ಹೆಸರನ್ನು ಎಲ್ಲೆಡೆ ಒಂದೇ ರೀತಿ ಬರೆಸುವುದೂ ಒಂದು ಸೇವೆಯೇ.

ಮತ್ತೊಂದು ಮಾತನ್ನು ಹಿರಿಯರಿಗೆ ಹೇಳಬೇಕಾಗಿದೆ. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿಯಾಗಿದೆ. ಆದರೂ ಹೆಣ್ಣುಮಕ್ಕಳನ್ನು ಹಬ್ಬಕ್ಕೆ ಕರೆದು, ಸೀರೆ ಉಡಿಸಿ, ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸುವುದುಂಟು. ಮಗಳು ತಾನಾಗಿ ಒಲಿದು ಬಿಟ್ಟುಕೊಟ್ಟರೆ ಅದು ಬೇರೆ. ತವರಿನ ಮುನಿಸಿಗೆ ಅಂಜಿ ಬಿಟ್ಟುಕೊಟ್ಟರೆ ಅದು ಅವಳ ಕಣ್ಣೀರು. ಪಾರ್ವತಿಯ ಹೆಸರಿನಲ್ಲಿ ತಂದೆ ಇದ್ದಾನೆ. ತಂದೆಯ ಪಹಣಿಯಲ್ಲಿ ಪಾರ್ವತಿ ಏಕಿರಬಾರದು?

ಆದ್ದರಿಂದ ಸದ್ಭಕ್ತರು ಮಗಳನ್ನು, ಸೊಸೆಯನ್ನು ಬಾಯ್ತುಂಬ ಹೆಸರು ಹಿಡಿದು ಕರೆಯಬೇಕು. ಆ ಹೆಸರಿಗೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. ಮನೆಯ ಪಾರವ್ವ ನಗುನಗುತ್ತಾ ತವರಿಗೆ ಬಂದುಹೋಗುವಂತಿರಲಿ, ನಿಮ್ಮ ಮನೆತನಗಳು ಬೆಳಗಲಿ ಎಂದು ಹಾರೈಸುತ್ತೇವೆ.